ಕರೆಂಟ್ ಆಫೀಸು ಎಲ್ಲಿದೆ ಅಂತ ಸರಿಯಾಗಿ ಹಾಕಿ

ಮಾನ್ಯ ಸಂಪಾದಕರೇ,

ನಮ್ಮೂರ ಕರೆಂಟ್ ಆಫೀಸು ಬೇರೆ ಬಿಲ್ಡಿಂಗಿಗೆ ಹೋದ ಸುದ್ದಿ ಮೊನ್ನೆ ನಿಮ್ಮ ಪೇಪರಲ್ಲಿ ಬಂತಲ್ಲ, ಅದರಲ್ಲಿ ಆ ಆಫೀಸಿನ ಸಾಹೇಬ್ರು ಮ್ಯಾಪ್ ನೋಡ್ಕೊಂಡು ಬನ್ನಿ ಅಂದಿದ್ದಾರೆ, ಅದನ್ನ ನಂಬಿ ನನ್ನ ಇಡೀ ದಿನ ಹಾಳಾಯ್ತು. ತೀರಿಹೋದ ಅಪ್ಪಯ್ಯನ ಹೆಸರಲ್ಲಿರೋ ಮೀಟರ್ ನನ್ನ ಹೆಸರಿಗೆ ಮಾಡಿಸ್ಬೇಕಿತ್ತು. ಜನರೇ ಸೇರಿ ತುಂಬೋ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಮ್ಯಾಪಲ್ಲಿ "ಕೆಇಬಿ ಆಫೀಸ್" ಅಂತ ಗುರುತಿದ್ದ ಕಡೆ ಹೋದ್ರೆ ಅದು ಊರಾಚೆ ಸಬ್‌ಸ್ಟೇಷನ್! ಗೇಟಲ್ಲಿದ್ದವರು "ಇಲ್ಲಿ ಅರ್ಜಿ ಗಿರ್ಜಿ ತಗೊಳ್ಳಲ್ಲ ಮಾರಾಯ್ರೆ, ಒಳಗೆ ಬರಬೇಡಿ" ಅಂದ್ರು. ಆ ಜಡಿಮಳೇಲಿ ಕಾಗದಪತ್ರ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು, ಆಟೋಕ್ಕೆ ದುಡ್ಡು ಸುರಿದು ಇನ್ನೊಂದು ಗುರುತಿಗೆ ಹೋದ್ರೆ ಬರೀ ಬಿಲ್ ಕಟ್ಟೋ ಕೌಂಟರ್, ಅಲ್ಲಿಂದ ಮುಂದಿನದು ನೀರಿನ ಆಫೀಸು.

ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಕರೆಂಟ್ ಕಂಪನಿ ಆಫೀಸಿಗೆ, ನೀರು ಸರಬರಾಜು ಆಫೀಸಿಗೆ, ಸರ್ಕಾರಿ ಇಲಾಖೆಗೆ ಬೇರೆ ಬೇರೆ ಟ್ಯಾಗ್, ಅಂದ್ರೆ ಇದು ಇಂಥದ್ದು ಅಂತ ಹೇಳೋ ಚೀಟಿ, ಇದೆ, ಸಬ್‌ಸ್ಟೇಷನ್ ಅಂತೂ ಆಫೀಸಿನ ಲೆಕ್ಕಕ್ಕೇ ಬರಲ್ಲ. ಬಾಗಿಲು ತೆಗೆಯೋ ಟೈಮ್ ಹಾಕೋಕೂ ಜಾಗ ಇದೆ. ಮ್ಯಾಪಿಗೆ ಹಾಕೋರು ಅಷ್ಟು ನೋಡಿ ಹಾಕಬಾರದಾ? ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಅನ್ನೋ ಸರ್ಕಾರಿ ಕಂಪನಿ ಆಯ್ತು, 2002ರಲ್ಲಿ ಮನೆಮನೆಗೆ ಕರೆಂಟ್ ಕೊಡೋ ಕೆಲಸ ಬೇರೆ ಕಂಪನಿಗಳಿಗೆ ಹೋಯ್ತು, ದೊಡ್ಡ ಸಬ್‌ಸ್ಟೇಷನ್ ನೋಡ್ಕೊಳ್ಳೋರೇ ಬೇರೆ ಬಿಲ್ ಕೊಡೋರೇ ಬೇರೆ. ಮಾತಾಡುವಾಗ ನಾವೆಲ್ಲ ಕೆಇಬಿ ಅಂತೀವಿ, ಸರಿ, ಆದ್ರೆ ಮ್ಯಾಪಲ್ಲಿ ಸೆಕ್ಷನ್ ಆಫೀಸೋ, ಸಬ್ ಡಿವಿಜನ್ನೋ, ಬರೀ ಕೌಂಟರೋ ಅಂತ ಬರೀಲೇಬೇಕು.

ಮ್ಯಾಪ್ ಹುಡುಗ್ರಾದ್ರೂ ಪುಕ್ಕಟೆ ಕೆಲಸ ಮಾಡ್ತಾರೆ, ಸಂಬಳ ತಗೊಳ್ಳೋ ಆಫೀಸಿನವರಿಗೆ ಏನಾಗಿದೆ? ಹಳೇ ಬಿಲ್ಡಿಂಗ್ ಬಾಗಿಲಿಗೆ ಒಂದು ಚೀಟಿ ಅಂಟಿಸಿಲ್ಲ, ಹೊಸದಕ್ಕೆ ಬೋರ್ಡೇ ಇಲ್ಲ. ಹಿಂದಿನ ಮಳೆಗಾಲದಲ್ಲಿ ತೋಟದ ಲೈನ್ ಮೇಲೆ ಮರ ಬಿದ್ದು ದಿನಗಟ್ಲೆ ಕತ್ತಲೇಲಿ ಕೂತಾಗಲೂ ಇದೇ ಕಥೆ, ಫೋನ್ ಎತ್ತೋರೇ ಇಲ್ಲ. ಲೈನ್‌ಮನ್‌ಗಳ ಮೇಲೆ ನನ್ನ ದೂರಿಲ್ಲ, ಪಾಪ ಮಳೇಲಿ ನೆಂದುಕೊಂಡೇ ಕಂಬ ಹತ್ತುತ್ತಾರೆ, ಕುರ್ಚೀಲಿ ಕೂತವರಿಗೆ ಹೇಳ್ತಿರೋದು. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಕಟ್ಟಿದಾಗ ಮನೆ ಗದ್ದೆ ಮುಳುಗಿಸ್ಕೊಂಡು ನಾಡಿಗೆಲ್ಲ ಕರೆಂಟ್ ಕೊಟ್ಟ ಜಿಲ್ಲೆ ಇದು, ಇಲ್ಲಿನ ಜನಕ್ಕೇ ಕರೆಂಟ್ ಆಫೀಸು ಹುಡುಕೋ ಪಾಡು.

ಮ್ಯಾಪ್ ಮಾಡೋರು ತಿದ್ದಲಿ, ಇಲ್ಲಾ ಆಫೀಸಿನವರೇ ಕೂತು ತಿದ್ಸಲಿ, ಮೊದಲು ಬೋರ್ಡ್ ಹಾಕಲಿ, ಫೋನ್ ಎತ್ತಲಿ, ಮೇಲಿನವರು ಬಂದು ಒಂದ್ಸಲ ನೋಡಲಿ. ಬಿಲ್ ಕಟ್ಟೋದು ಎರಡು ದಿನ ತಡ ಆದ್ರೆ ಫ್ಯೂಸ್ ಕೀಳೋಕೆ ನಮ್ಮ ಮನೆ ಹೇಗೆ ಸಿಗುತ್ತೆ ಇವರಿಗೆ?

– ಒಬ್ಬ ಗ್ರಾಹಕ, ಶಿವಮೊಗ್ಗ ಜಿಲ್ಲೆ