ಸ್ತನ ಕ್ಯಾನ್ಸರ್ ಫಾಲೋಅಪ್ ನೋಟ್ ತುಂಬುವವರ ಗಮನಕ್ಕೆ
ಚಿಕಿತ್ಸೆ ಮುಗಿಸಿ ಫಾಲೋಅಪ್‌ಗೆ ಬರುವವರ ನೋಟ್‌ನಲ್ಲಿ ಮೊದಲು ಚಿಕಿತ್ಸೆಯ ಸಾರಾಂಶ ತುಂಬಿ: ಯಾವ ಬದಿ, ಹಂತ, ಇಆರ್/ಪಿಆರ್/ಹರ್2 (ಗಡ್ಡೆಯ ಹಾರ್ಮೋನ್ ಮತ್ತು ಪ್ರೋಟೀನ್ ಗ್ರಾಹಕಗಳ ಪರೀಕ್ಷೆಯ ಫಲಿತಾಂಶ), ಆಪರೇಷನ್ ದಿನಾಂಕ, ರೇಡಿಯೇಷನ್ ಎಷ್ಟು ಗ್ರೇ (ವಿಕಿರಣದ ಅಳತೆ).

ಡಾಕ್ಸೊರುಬಿಸಿನ್ (ಕೀಮೋ ಔಷಧಿ) ಕಾಲಂನಲ್ಲಿ "ಎಸಿ 4 ಸೈಕಲ್" (ಈ ಔಷಧಿ ಸೈಕ್ಲೊಫಾಸ್ಫಮೈಡ್ ಜೊತೆ 4 ಸಲ) ಅಂತ ಬರೆದು ಬಿಡಬೇಡಿ. ಒಟ್ಟು ಡೋಸ್ ಹಾಕಿ: ಚದರ ಮೀಟರಿಗೆ 60 ಮಿ.ಗ್ರಾಂ. × 4 = 240. 250 ಮುಟ್ಟಿದವರು ಹೃದಯದ ಅಪಾಯ ಹೆಚ್ಚಿರುವವರು. ಅವರ ಪಟ್ಟಿ ತೆಗೆಯುವಾಗ ಸಿಸ್ಟಮ್ ಹುಡುಕುವುದು ಸಂಖ್ಯೆಯನ್ನು, ವಾಕ್ಯವನ್ನಲ್ಲ. ಎಡಬದಿಗೆ ರೇಡಿಯೇಷನ್ ಅಥವಾ ಟ್ರಾಸ್ಟುಜುಮ್ಯಾಬ್ (ಹರ್2 ವಿರುದ್ಧದ ಔಷಧಿ) ಆಗಿದ್ದರೆ ಡಾಕ್ಸೊರುಬಿಸಿನ್ ಡೋಸ್ ಕಡಿಮೆಯಿದ್ದರೂ ಎಕೋ (ಹೃದಯದ ಸ್ಕ್ಯಾನ್) ವರದಿ ನೋಡಿ.

ಟ್ಯಾಮಾಕ್ಸಿಫೆನ್‌ಗೆ (ವರ್ಷಗಟ್ಟಲೆ ತೆಗೆದುಕೊಳ್ಳುವ ಹಾರ್ಮೋನ್ ತಡೆ ಮಾತ್ರೆ) ಶುರುವಾದ ದಿನಾಂಕವೇ ಬೇಕು. "3 ವರ್ಷದಿಂದ" ಅಂತ ಬರೆದರೆ, ಹಳೇ ನೋಟ್ ಕಾಪಿ ಮಾಡುತ್ತಾ ಹೋದಂತೆ ಐದನೇ ವರ್ಷದಲ್ಲೂ ಅದೇ 3 ಕೂತಿರುತ್ತದೆ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಒಕ್ಸೆಟಿನ್ ತೆಗೆದುಕೊಳ್ಳುತ್ತಿದ್ದಾರಾ ಕೇಳಿ. ಎರಡೂ ಟ್ಯಾಮಾಕ್ಸಿಫೆನ್ ಪರಿಣಾಮ ತಗ್ಗಿಸಬಹುದು.

ಬಾವು ತಿಳಿಯಲು ತೋಳಿನ ಸುತ್ತಳತೆ ಎರಡೂ ಕೈಗೆ, ಪ್ರತಿ ಸಲ ಅದೇ ಜಾಗದಲ್ಲಿ. 2 ಸೆಂ.ಮೀ. ವ್ಯತ್ಯಾಸ ಕಂಡರೆ ಫಿಸಿಯೊಗೆ ಕಳಿಸಿ.

ನೋಡದೇ ಇದ್ದದ್ದಕ್ಕೆ "ಪರೀಕ್ಷಿಸಿಲ್ಲ" ಆರಿಸಿ. "ಇಲ್ಲ" ಒತ್ತುವುದು ಕೇಳಿ, ನೋಡಿ, ಖಾತ್ರಿಯಾದ ಮೇಲೆ ಮಾತ್ರ. ದಣಿವು, ನಿದ್ದೆಗೇಡು, ಮತ್ತೆ ಬರುತ್ತದೇನೋ ಎಂಬ ಭಯ ಮಾತ್ರ ರೋಗಿಯ ಮಾತಿನಲ್ಲೇ ಬರೆಯಿರಿ. ಡ್ರಾಪ್‌ಡೌನ್‌ಗೆ ಅದು ದಕ್ಕುವುದಿಲ್ಲ.