ನಲವತ್ಮೂರು ಜನಕ್ಕೆ ಒಂದೇ ವೈಯಕ್ತಿಕ ಕಾರಣ: ಕಾರ್ಮಿಕ ಸಚಿವರಿಗೆ ಕೋಲಾರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ ಸಾರ್. ನಾನು ಕೋಲಾರ ತಾಲ್ಲೂಕಿನ ವೇಮಗಲ್ ಕಡೆಯವನು. ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ 11 ವರ್ಷ ಗುಮಾಸ್ತನಾಗಿದ್ದೆ. ಹಾಜರಿ, ಓಟಿ, ರಜೆ, ಪಿಎಫ್ ಎಲ್ಲಾ ನನ್ನ ಟೇಬಲ್ ದಾಟಿಯೇ ಹೋಗುತ್ತಿತ್ತು. ಕಂಪನಿ ಹೆಸರು ಬರೆಯುವುದಿಲ್ಲ. ಹೊರಗೆ ಏನೂ ಮಾತಾಡುವುದಿಲ್ಲ ಅಂತ ಸೆಟಲ್‌ಮೆಂಟ್ ಕಾಗದದಲ್ಲಿ ಸಹಿ ಹಾಕಿಸಿಕೊಂಡಿದ್ದಾರೆ. ಹೆಸರಿಗಿಂತ ನಡೆದ ರೀತಿ ನಿಮಗೆ ಗೊತ್ತಾಗಬೇಕು, ಅಷ್ಟೇ.

ಶಿವರಾತ್ರಿ ಹಿಂದಿನ ವಾರ ಎಚ್‌ಆರ್‌ನವರು ಒಂದು ಪೆನ್‌ಡ್ರೈವ್ ಕೊಟ್ಟರು. ಅದರಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರ. ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ಇಷ್ಟು ವರ್ಷದ ಅವಕಾಶಕ್ಕೆ ಧನ್ಯವಾದ, ಅಂತ. ಹೆಸರು, ಟೋಕನ್ ನಂಬರ್ ಬದಲಾಯಿಸಿ 43 ಪ್ರಿಂಟ್ ತೆಗೆಯಬೇಕಿತ್ತು. ಇಪ್ಪತ್ತನೆಯದಕ್ಕೋ ಇಪ್ಪತ್ತೊಂದನೆಯದಕ್ಕೋ ಪ್ರಿಂಟರಿನಲ್ಲಿ ಟೋನರ್ ಮುಗಿಯುತ್ತಾ ಬಂತು. ಅಕ್ಷರ ಮಸುಕಾದವು. ನಾನು ಟೋನರ್ ಹೊರಗೆ ತೆಗೆದು, ಎರಡು ಸಲ ಅಲ್ಲಾಡಿಸಿ, ಮತ್ತೆ ಹಾಕಿದೆ. ಕೊನೆಗೆ ತೆಗೆದದ್ದು ನನ್ನ ಪತ್ರ.

ಮಾರನೇ ದಿನ ಕ್ಯಾಂಟೀನಿಗೆ ಐದೈದು ಜನರನ್ನು ಕರೆದರು. ಸಹಿ ಹಾಕಿದರೆ ಚೆಕ್. ಹಾಕದಿದ್ದರೆ ಗುಜರಾತಿನ ಪ್ಲಾಂಟಿಗೆ ವರ್ಗ. ತಗಡು ಒತ್ತುವ ಪ್ರೆಸ್ ಶಾಪಿನ ಒಬ್ಬರು, ನನಗಿಂತ ದೊಡ್ಡವರು, ಪತ್ರ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಏನಪ್ಪಾ ಬರೆದಿದೀಯ ಇದರಲ್ಲಿ?" ಅಂದರು. ಓದಿ ಹೇಳಿದೆ. "ನನ್ನ ವೈಯಕ್ತಿಕ ಕಾರಣ ಏನು ಅಂತ ನೀನೇ ಹೇಳಬೇಕು. ಟೈಪ್ ಮಾಡಿದವನು ನೀನೇ ಅಲ್ವಾ?" ಅಂದರು. ಎರಡು ತಿಂಗಳ ಹಿಂದೆ ಸೊಸೈಟಿಯಲ್ಲಿ ಸಾಲ ಮಾಡಿ ಸೀಮೆಹಸು ತಂದಿದ್ದ ಮನುಷ್ಯ. ಸಹಿ ಹಾಕಿದರು. ಹೊರಗೆ ಸೇಫ್ಟಿ ಶೂ ಬಿಚ್ಚಿಟ್ಟು, ಬರಿಗಾಲಲ್ಲಿ ಗೇಟಿನವರೆಗೆ ನಡೆದರು. ಚಪ್ಪಲಿ ತಂದಿರಲಿಲ್ಲ, ಕೆಲಸಕ್ಕೆ ಅಂತ ಬಂದವರಲ್ಲವೇ.

ಕಾರ್ಖಾನೆ ನಷ್ಟಕ್ಕೆ ಬಿದ್ದರೆ ಜನರನ್ನು ತೆಗೆಯಲೇಬಾರದು ಅಂತ ನಾನು ವಾದ ಮಾಡುತ್ತಿಲ್ಲ. ಆರ್ಡರ್ ಕಡಿಮೆಯಾಗಿದ್ದು ನನ್ನ ಓಟಿ ಶೀಟಿನಲ್ಲೇ ಕಾಣುತ್ತಿತ್ತು. ಆದರೆ ತೆಗೆಯುವುದಕ್ಕೆ ಕಾನೂನಿನಲ್ಲಿ ಒಂದು ದಾರಿ ಇದೆ. ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು. ಸರ್ವಿಸಿನ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡಬೇಕು. ಕೊನೆಗೆ ಸೇರಿದವರನ್ನು ಮೊದಲು ಕಳಿಸಬೇಕು. ಮುಂದೆ ಜನ ಬೇಕಾದರೆ ಹೋದವರನ್ನೇ ಮೊದಲು ಕರೆಯಬೇಕು. ಸರ್ಕಾರಕ್ಕೂ ತಿಳಿಸಬೇಕು. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಇದರ ಜೊತೆಗೆ ಇನ್ನೂ ಒಟ್ಟು ಹದಿನೈದು ದಿನದ ಸಂಬಳವನ್ನು, ಕೆಲಸ ಹೋದವರು ಹೊಸ ಕೆಲಸ ಕಲಿಯಲಿ ಅಂತ ಇರುವ ಮರು ಕೌಶಲ್ಯ ನಿಧಿಗೆ ಕಟ್ಟಬೇಕು, 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು. "ಸ್ವಇಚ್ಛೆಯಿಂದ" ಅನ್ನುವ ಒಂದು ಮಾತು ಇಷ್ಟನ್ನೂ ಅಳಿಸಿಬಿಡುತ್ತದೆ. ನಮ್ಮ 43 ಜನರಲ್ಲಿ ಸೀನಿಯರುಗಳೇ ಜಾಸ್ತಿ. ಹೊಸಬರ ಸಂಬಳ ಕಡಿಮೆ, ಅವರು ಉಳಿದರು.

ಈಗ ಈ ಪತ್ರ ಬರೆಯುವುದಕ್ಕೆ ಕಾರಣವಾದ ವಿಷಯಕ್ಕೆ ಬರುತ್ತೇನೆ.

ಆಷಾಢದಲ್ಲಿ ಕಂಪನಿಯ ವಾರ್ಷಿಕ ವರದಿ ಬಂತು. ಷೇರು ಮಾರುಕಟ್ಟೆಯಲ್ಲಿ ಇರುವ ಕಂಪನಿ, ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ಸುಮ್ನೆ ಕುತೂಹಲಕ್ಕೆ ಮೊಬೈಲಿನಲ್ಲಿ ತೆಗೆದೆ. 2013ರ ಕಂಪನಿ ಕಾಯ್ದೆಯ 197ನೇ ಕಲಂ ಪ್ರಕಾರ ಇಂಥ ಕಂಪನಿಗಳು ಒಂದು ಲೆಕ್ಕ ಬಹಿರಂಗ ಮಾಡಲೇಬೇಕು. ನೌಕರರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ಬರುವವನ ಸಂಬಳ ಎಷ್ಟು, ಅದರ ಎಷ್ಟು ಪಟ್ಟು ಒಬ್ಬೊಬ್ಬ ನಿರ್ದೇಶಕರಿಗೆ ಹೋಗುತ್ತದೆ ಅಂತ. ನಮ್ಮ ಎಂಡಿಯವರದ್ದು ಎಷ್ಟು ಅಂತ ಬರೆದರೆ ಕಂಪನಿ ಯಾವುದು ಅಂತ ಹುಡುಕಿಬಿಡುತ್ತಾರೆ, ಹಾಗಾಗಿ ಬೇಡ. ಮೂರಂಕಿ ಇತ್ತು. ಕೆಳಗೆ ಇನ್ನೊಂದು ಸಾಲು, ಅವರ ಸಂಬಳ ಈ ವರ್ಷ ಶೇಕಡಾ ಎಷ್ಟು ಏರಿತು ಅಂತ. ಏರಿತ್ತು. ಅದರ ಕೆಳಗೆ, ಕಂಪನಿಯ ರೋಲಿನಲ್ಲಿ ಇರುವ ಕಾಯಂ ನೌಕರರ ಸಂಖ್ಯೆ. ಹೋದ ವರ್ಷದ ವರದಿ ತೆಗೆದು ಕಳೆದು ನೋಡಿದೆ. ಎಲ್ಲಾ ಪ್ಲಾಂಟ್ ಸೇರಿಸಿ ಬಂದ ಆ ವ್ಯತ್ಯಾಸದಲ್ಲಿ ಎಲ್ಲೋ ನಾವು 43 ಜನ ಇದ್ದೆವು. ಬರಿಗಾಲಲ್ಲಿ ಹೋದವರೂ ಇದ್ದರು.

ಮೂರು ಸಾಲೂ ಒಂದೇ ಕಡೆ ಇವೆ ಸಾರ್. ಆದರೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕೂತಿವೆ.

ಅಳತೆಗೋಲು ನೋಡಿ. ಪಬ್ಲಿಕ್ ಕಂಪನಿಯ ಎಂಡಿಗೆ ಕಾನೂನು ಹಾಕುವ ಮಿತಿ ನಿವ್ವಳ ಲಾಭದ ಶೇ. 5. ನಿರ್ದೇಶಕರೆಲ್ಲ ಸೇರಿ ಶೇ. 11. ಷೇರುದಾರರು ವಿಶೇಷ ನಿರ್ಣಯ ಮಾಡಿದರೆ ಅದನ್ನೂ ದಾಟಬಹುದು. ನಮಗೆ ಅಳತೆ ದಿನದಲ್ಲಿ. ಕಾನೂನು ಪ್ರಕಾರ ತೆಗೆದಿದ್ದರೂ ನನ್ನ 11 ವರ್ಷಕ್ಕೆ ಸಿಗುತ್ತಿದ್ದ ಪರಿಹಾರ 165 ದಿನದ್ದು, ಅಂದರೆ ಐದೂವರೆ ತಿಂಗಳ ಸಂಬಳ. ಲಾಭ ಬಂದಾಗ ಅವರಿಗೆ ಪಾಲು. ಲಾಭ ಕಡಿಮೆಯಾದಾಗ ನಮಗೆ ಪೆನ್‌ಡ್ರೈವ್.

ದೊಡ್ಡ ಜವಾಬ್ದಾರಿಗೆ ದೊಡ್ಡ ಸಂಬಳ ಇರಲಿ, ಅದಕ್ಕೆ ಹೊಟ್ಟೆಕಿಚ್ಚಿಲ್ಲ. ನಮ್ಮ ಪ್ಲಾಂಟ್ ಹೆಡ್ ರಾತ್ರಿ ಎರಡು ಗಂಟೆವರೆಗೆ ಮಷೀನ್ ಪಕ್ಕ ನಿಂತದ್ದನ್ನು ನಾನೇ ಕಂಡಿದ್ದೇನೆ. ಆದರೆ ಕಷ್ಟ ಬಂದಾಗ ಮೊದಲ ಕತ್ತರಿ ಎಲ್ಲಿಗೆ ಬೀಳಬೇಕು? ನನ್ನ ತಂಗಿ ಮಗನಿಗೆ ವಿಡಿಯೋ ಗೇಮ್ ಹುಚ್ಚು. ಅವನು ಹೇಳಿ, ನಾನೂ ಹುಡುಕಿ ಓದಿದೆ. 2014ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ವ್ಯಾಪಾರ ಕುಸಿದಾಗ ಅಧ್ಯಕ್ಷ ಸತೋರು ಇವಾಟ ಐದು ತಿಂಗಳು ತಮ್ಮ ಸಂಬಳವನ್ನು ಅರ್ಧ ಮಾಡಿಕೊಂಡರು. ನೌಕರರನ್ನು ತೆಗೆದರೆ ಉಳಿದವರ ಹುರುಪು ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಇಂಥ ಒಂದು ಕಾಗದವೂ ನಮ್ಮ ಟೈಮ್ ಆಫೀಸಿಗೆ ಯಾವತ್ತೂ ಬರಲಿಲ್ಲ.

ನಮ್ಮ ಜಿಲ್ಲೆಗೆ ಬಾಗಿಲು ಮುಚ್ಚುವುದು ಹೊಸದಲ್ಲ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಇವತ್ತಿಗೂ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಕಾರ್ಖಾನೆ ಬಂದಾಗ, ಇನ್ನು ನಮ್ಮ ಮಕ್ಕಳಿಗೆ ಆ ರೈಲಿನ ಕಷ್ಟ ತಪ್ಪಿತು ಅಂದುಕೊಂಡೆವು. ಸರ್ಕಾರದ ಕೈಗಾರಿಕಾ ಪ್ರದೇಶ ಮಂಡಳಿ ಕೆಐಎಡಿಬಿಗೆ ಜಮೀನು ಹೋದ ಮನೆಗಳವರೂ ಹಾಗೇ ಅಂದುಕೊಂಡರು.

2020ರ ಡಿಸೆಂಬರ್ 12 ನಿಮಗೂ ನೆನಪಿರಬೇಕು. ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಗಾಜು ಒಡೆದವು. ಒಡೆದದ್ದು ತಪ್ಪು. ಆಮೇಲೆ ಅಧಿಕಾರಿಗಳು ಬಂದು ಕಾನೂನು ಮೀರಿದ್ದನ್ನು ಕಂಡುಹಿಡಿದರು, ಕಂಪನಿ ಕ್ಷಮೆ ಕೇಳಿತು, ಒಬ್ಬ ಉಪಾಧ್ಯಕ್ಷರನ್ನೂ ಕೆಲಸದಿಂದ ತೆಗೆಯಿತು. ನಮ್ಮಲ್ಲಿ ಒಂದು ಗಾಜೂ ಒಡೆಯಲಿಲ್ಲ. ಒಬ್ಬ ಇನ್ಸ್‌ಪೆಕ್ಟರೂ ಬರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಾ? ಕಂಪನಿ ಕಾಯ್ದೆ ದೆಹಲಿಯದು, ನಿಮ್ಮ ಕೈಯಲ್ಲಿಲ್ಲ, ಗೊತ್ತು. ನಿಮ್ಮ ಕೈಯಲ್ಲಿ ಇರುವುದನ್ನೇ ಕೇಳುತ್ತೇನೆ.

ಹಳೇ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 100 ಜನ ಇರುವ ಕಾರ್ಖಾನೆಯೂ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಕೇಳಬೇಕಿತ್ತು. 2025ರ ನವೆಂಬರ್ 21ರಿಂದ ಅದು 300 ಆಗಿದೆ. ಅದನ್ನು ಇನ್ನೂ ಏರಿಸುವ ಅಧಿಕಾರ ಸರ್ಕಾರಕ್ಕಿದೆ. ದಯವಿಟ್ಟು ಏರಿಸಬೇಡಿ. ಅನುಮತಿ ಕೇಳಿ ಬಂದವರಿಗೆ 60 ದಿನದಲ್ಲಿ ಉತ್ತರ ಹೋಗದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಆ 60 ದಿನದೊಳಗೆ ಕರೆಸಿ, ನಾನು ಹೇಳಿದ ಆ ಮೂರು ಸಾಲನ್ನು ಕೇಳಿ. ಈ ವರ್ಷ ಮೇಲಿನವರ ಸಂಬಳ ಏರಿದೆಯೋ ಇಳಿದಿದೆಯೋ? ಏರಿದ್ದರೆ, ಅದನ್ನು ನಿಲ್ಲಿಸಿ ಎಷ್ಟು ಜನರನ್ನು ಉಳಿಸಬಹುದಿತ್ತು?

ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಆ ಲೆಕ್ಕ ಬಹಿರಂಗ ಮಾಡುವ ಕಟ್ಟುಪಾಡೇ ಇಲ್ಲ. ಅವರಿಗೂ ಸರ್ಕಾರ ಜಾಗ ಕೊಡುತ್ತದೆ, ಸಬ್ಸಿಡಿ ಕೊಡುತ್ತದೆ. ಕನ್ನಡಿಗರಿಗೆ ಶೇ. 70 ಕೆಲಸ ಅಂತ ಕೈಗಾರಿಕಾ ನೀತಿಯಲ್ಲಿ ಷರತ್ತು ಬರೆಯಲು ಬರುತ್ತದೆ ಅಂದಮೇಲೆ, ಜನರನ್ನು ತೆಗೆಯುವ ವರ್ಷ ಮೇಲಿನವರ ಸಂಬಳದ ಲೆಕ್ಕ ಕೊಡಿ ಅಂತ ಒಂದು ಸಾಲು ಸೇರಿಸಲು ಕಷ್ಟವೇ? ಕೈಗಾರಿಕಾ ಸಚಿವರ ಜೊತೆ ನೀವೇ ಒಂದು ಮಾತು ಆಡಿ. ಕಾಂಟ್ರಾಕ್ಟ್ ಹುಡುಗರನ್ನೂ ಆ ಲೆಕ್ಕದಲ್ಲಿ ಸೇರಿಸಿ. ನಮ್ಮಲ್ಲಿ ಅವರಿಗೆ ರಾಜೀನಾಮೆ ಪತ್ರವೂ ಸಿಗಲಿಲ್ಲ. ನಾಳೆಯಿಂದ ಬರಬೇಡಿ ಅಂತ ವಾಟ್ಸಾಪ್ ಬಂತು, ಅಷ್ಟೇ. ಕಂಪನಿಯ ರೋಲಿನಲ್ಲಿ ಇಲ್ಲದವರು ವಾರ್ಷಿಕ ವರದಿಯ ಲೆಕ್ಕಕ್ಕೂ ಇಲ್ಲ.

ಇನ್ನು ಆ ರಾಜೀನಾಮೆ ಪತ್ರಗಳ ವಿಷಯ. ಒಂದೇ ಕಾರ್ಖಾನೆಯಲ್ಲಿ, ಒಂದೇ ತಾರೀಖಿಗೆ, ಒಂದೇ ಅಕ್ಷರದಲ್ಲಿ 43 ಜನರಿಗೆ ವೈಯಕ್ತಿಕ ಕಾರಣ ಬಂತು ಅಂದರೆ ನಿಮ್ಮ ಇನ್ಸ್‌ಪೆಕ್ಟರಿಗೆ ಅನುಮಾನ ಬರಬೇಕು. ಹೀಗೆ ಒಟ್ಟಿಗೆ ಬಂದ ರಾಜೀನಾಮೆಗಳನ್ನು ಒಬ್ಬೊಬ್ಬರನ್ನೇ ಕರೆದು, ಕನ್ನಡದಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ.

ನಾನು ಈಗ ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಪ್ರೆಸ್ ಶಾಪಿನವರು ಅಲ್ಲೇ 15 ಕಿಲೋ ಬಾಕ್ಸು ಲಾರಿಗೆ ಏರಿಸುತ್ತಾರೆ. ಟೋನರ್ ಅಲ್ಲಾಡಿಸುವ ಮೊದಲು ಮಸುಕಾಗಿ ಬಂದ ಎರಡು ಪ್ರತಿ ನನ್ನ ಹತ್ತಿರ ಇವೆ. ಒಂದರಲ್ಲಿ ಅವರ ಹೆಸರಿದೆ. ನಿಮ್ಮ ಇಲಾಖೆಯಿಂದ ಯಾರಾದರೂ ಬಂದರೆ ಕೊಡುತ್ತೇನೆ. ಮಧ್ಯಾಹ್ನ ಎರಡರ ಮೇಲೆ ಬಂದರೆ ಇಬ್ಬರೂ ಸಿಗುತ್ತೇವೆ, ಅಷ್ಟೊತ್ತಿಗೆ ಹರಾಜು ಮುಗಿದಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ವೇಮಗಲ್ ಹೋಬಳಿಯ ಒಬ್ಬ ಮಾಜಿ ಟೈಮ್ ಆಫೀಸ್ ಗುಮಾಸ್ತ