ಕಿರು ಬಿಯರ್ ಘಟಕಗಳಿಗೆ ಯೀಸ್ಟ್ ಮೂಲತಳಿ ರಾಜ್ಯದಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಮೈಕ್ರೋಬ್ರೂವರಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಹೆಚ್ಚಾಗಿ ಪರವಾನಗಿ ಶುಲ್ಕ, ಅಬಕಾರಿ ಸುಂಕ ಮತ್ತು ಬಾಗಿಲು ಹಾಕುವ ವೇಳೆಗೆ ಸಂಬಂಧಿಸಿದ್ದಾಗಿರುತ್ತದೆ. ಅಲ್ಲಿ ತಯಾರಾಗುವ ಬಿಯರಿನ ರುಚಿ, ಪರಿಮಳ, ಮದ್ಯಾಂಶ ಮೂರನ್ನೂ ಬಹುಮಟ್ಟಿಗೆ ನಿರ್ಧರಿಸುವ ಯೀಸ್ಟ್, ಅಂದರೆ ಸಕ್ಕರೆಯನ್ನು ಮದ್ಯವಾಗಿಸುವ ಸೂಕ್ಷ್ಮಜೀವಿ, ಎಲ್ಲಿಂದ ಬರುತ್ತದೆ, ಅದನ್ನು ಯಾರು ಬೆಳೆಸುತ್ತಾರೆ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದ್ದನ್ನು ನಾನು ಕಂಡಿಲ್ಲ. ಇಂಥದೊಂದು ಸಣ್ಣ ಘಟಕದಲ್ಲಿ ಯೀಸ್ಟ್ ನೋಡಿಕೊಳ್ಳುವ ಕೆಲಸ ನನ್ನದಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಕುಡಿತದ ಸರಿತಪ್ಪು ಬೇರೆಯೇ ಚರ್ಚೆ. ಸರ್ಕಾರ ಪರವಾನಗಿ ಕೊಟ್ಟು ತೆರಿಗೆ ಪಡೆಯುವ ಉದ್ಯಮವೊಂದಕ್ಕೆ ತನ್ನ ಯೀಸ್ಟನ್ನು ತಾನೇ ಬೆಳೆಸಿಕೊಳ್ಳಲು ಬೇಕಾದ ಆಸರೆ ರಾಜ್ಯದಲ್ಲೇ ಸಿಗಬೇಕು ಎಂಬುದಷ್ಟೇ ನನ್ನ ಕೋರಿಕೆ.

ಸದ್ಯ ಅನೇಕ ಸಣ್ಣ ಘಟಕಗಳು ವಿದೇಶಿ ಕಂಪನಿಗಳ ಒಣ ಯೀಸ್ಟನ್ನು ಅರ್ಧ ಕೆ.ಜಿ. ಪೊಟ್ಟಣಗಳಲ್ಲಿ ಕೊಳ್ಳುತ್ತವೆ. 100 ಲೀಟರ್ ವರ್ಟ್‌ಗೆ, ಅಂದರೆ ಮಾಲ್ಟಿನಿಂದ ತೆಗೆದ ಸಿಹಿ ರಸಕ್ಕೆ, ಏಲ್ (ಬೆಚ್ಚಗೆ ಹುದುಗುವ ಬಿಯರ್) ಆದರೆ 50ರಿಂದ 80 ಗ್ರಾಂ ಹಾಕಿದರೆ ಸಾಕು. ಒಣ ಯೀಸ್ಟ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಅನುಕೂಲದ ವಸ್ತು, ಬಹುಕಾಲ ಕೆಡುವುದೂ ಇಲ್ಲ. ಆದರೆ ಒಣಗಿಸಿದರೂ ಚೆನ್ನಾಗಿ ಉಳಿದುಕೊಳ್ಳುವ ತಳಿಗಳ ಸಂಖ್ಯೆ ಸೀಮಿತವಾದ್ದರಿಂದ ಎಲ್ಲರೂ ಅದೇ ಕೆಲವು ತಳಿಗಳನ್ನು ಬಳಸುತ್ತಾರೆ. ಗೋಧಿ ಬಿಯರಿನಲ್ಲಿ ಬರುವ ಲವಂಗ ಮತ್ತು ಬಾಳೆಹಣ್ಣಿನ ಪರಿಮಳ ಯೀಸ್ಟಿನ ಕೊಡುಗೆ. ತಳಿ ಬದಲಾದರೆ ಪರಿಮಳವೂ ಬದಲಾಗುತ್ತದೆ. ಇನ್ನು ಪೊಟ್ಟಣ ಬರುವುದು ತಡವಾದಾಗ, ಟ್ಯಾಂಕಿನ ತಳದಿಂದ ತೆಗೆದ ಹಳೆಯ ಸ್ಲರಿಯನ್ನೇ, ಅಂದರೆ ಯೀಸ್ಟಿನ ಗಸಿಯನ್ನೇ, ಮಿತಿಮೀರಿ ಮತ್ತೆ ಮತ್ತೆ ಬಳಸುವ ಒತ್ತಡ ಬರುತ್ತದೆ. ಹೀಗೆ ತಳದಿಂದಲೇ ತೆಗೆಯುತ್ತ ಹೋದರೆ ಬೇಗ ಕೆಳಗೆ ಕೂರುವ ಕೋಶಗಳೇ ಹೆಚ್ಚಾಗಿ ಉಳಿಯುತ್ತವೆ, ಸತ್ತವೂ ಅದರಲ್ಲಿ ಸೇರಿಕೊಳ್ಳುತ್ತವೆ. ಬೇಗ ಕೂತುಬಿಡುವ ಯೀಸ್ಟ್ ಸಕ್ಕರೆಯನ್ನು ಪೂರ್ತಿ ತಿನ್ನುವುದಿಲ್ಲ. ಹುದುಗುವಾಗ ಹುಟ್ಟಿದ ಡಯಾಸಿಟೈಲ್ ಎಂಬ ಬೆಣ್ಣೆ ವಾಸನೆಯ ವಸ್ತುವನ್ನು ಮರಳಿ ಹೀರಿಕೊಳ್ಳುವುದೂ ಇಲ್ಲ, ಹಾಗಾಗಿ ಬಿಯರಿನಲ್ಲಿ ಬೆಣ್ಣೆಯ ವಾಸನೆ ನಿಂತುಬಿಡುತ್ತದೆ.

ಯೀಸ್ಟ್ ಬೆಳೆಸುವುದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಾಧ್ಯವಾದ ಕೆಲಸವಲ್ಲ. ಸ್ಲ್ಯಾಂಟ್ ಎಂದರೆ ಯೀಸ್ಟ್ ಬೆಳೆಸಿಟ್ಟ, ಓರೆಯಾಗಿ ಗಟ್ಟಿಯಾದ ಪೋಷಕ ಜೆಲ್ಲಿಯ ನಳಿಕೆ. ಅದರ ಮೇಲಿನ ತೆಳು ಪದರದಿಂದ, ಕೆಂಪಗೆ ಕಾಯಿಸಿ ಆರಿಸಿದ ತಂತಿಯ ಕುಣಿಕೆಯಲ್ಲಿ ಚೂರೇ ಚೂರು ಯೀಸ್ಟ್ ತೆಗೆದು 10 ಮಿಲಿಲೀಟರ್ ಕ್ರಿಮಿಮುಕ್ತ ವರ್ಟ್‌ಗೆ ಸೇರಿಸುತ್ತೇವೆ. ಅದು ಒಂದೆರಡು ದಿನದಲ್ಲಿ ಮಬ್ಬಾಗಿ ನೊರೆ ಕಟ್ಟಿದ ಮೇಲೆ 100 ಮಿಲಿಲೀಟರಿಗೆ, ಅಲ್ಲಿಂದ 1 ಲೀಟರ್, 10 ಲೀಟರ್, ಕೊನೆಗೆ 100 ಲೀಟರಿಗೆ, ಹೀಗೆ ಪ್ರತಿ ಹಂತದಲ್ಲೂ ಸುಮಾರು ಹತ್ತು ಪಟ್ಟು ಹೆಚ್ಚಿಸುತ್ತ ಹೋಗುತ್ತೇವೆ. ಆ 100 ಲೀಟರಿನಲ್ಲಿ ಮಿಲಿಲೀಟರಿಗೆ 10 ಕೋಟಿ ಕೋಶಗಳು ಬೆಳೆದರೆ 1000 ಲೀಟರಿನ ಟ್ಯಾಂಕಿಗೆ ಸಾಕಾಗುತ್ತದೆ. ಏಕೆಂದರೆ 12 ಡಿಗ್ರಿ ಪ್ಲೇಟೋ ಸಾಂದ್ರತೆಯ (ತೂಕದಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲು ಸಕ್ಕರೆ ಮುಂತಾದ ಸತ್ವವಿರುವ) ಅಷ್ಟು ಏಲ್ ವರ್ಟ್‌ಗೆ ಸುಮಾರು 9 ಲಕ್ಷ ಕೋಟಿ ಜೀವಂತ ಕೋಶಗಳು ಬೇಕು, ಲ್ಯಾಗರ್ (ತಂಪಿನಲ್ಲಿ ಹುದುಗುವ ಬಿಯರ್) ಆದರೆ ಅದರ ಎರಡರಷ್ಟು. ಹೆಪ್ಪು ಕಡಿಮೆಯಾದರೆ ಹಾಲು ಹೆಪ್ಪುಗಟ್ಟುವ ಮೊದಲೇ ಕೆಡುವಂತೆ, ಯೀಸ್ಟ್ ಕಡಿಮೆಯಾದರೆ ಹುದುಗು ಶುರುವಾಗುವುದು ತಡವಾಗಿ ಬೇಡದ ಜೀವಿಗಳಿಗೆ ಅವಕಾಶ ಸಿಗುತ್ತದೆ.

ಈ ಹಂತಗಳಲ್ಲಿ ಗಾಳಿಯ ಪಾತ್ರವನ್ನು ಒತ್ತಿ ಹೇಳಬೇಕು. ವರ್ಟನ್ನು ಕುದಿಸಿದಾಗ ಅದರಲ್ಲಿದ್ದ ಆಮ್ಲಜನಕ ಹೋಗಿಬಿಡುತ್ತದೆ. ಯೀಸ್ಟ್ ತನ್ನ ಹೊರಪೊರೆಗೆ ಬೇಕಾದ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುಗಳನ್ನು ಆಮ್ಲಜನಕವಿಲ್ಲದೆ ತಯಾರಿಸಲಾರದು. ಇದ್ದ ದಾಸ್ತಾನು ಪ್ರತಿ ವಿಭಜನೆಯಲ್ಲೂ ತಾಯಿ ಮತ್ತು ಮರಿ ಕೋಶಗಳ ನಡುವೆ ಹಂಚಿಹೋಗಿ ಕೆಲವೇ ತಲೆಮಾರಿನಲ್ಲಿ ತೀರಾ ತೆಳುವಾಗುತ್ತದೆ. ಆದ್ದರಿಂದ ತಂಪಾದ ವರ್ಟ್‌ಗೆ ಸೂಕ್ಷ್ಮ ಫಿಲ್ಟರಿನ ಮೂಲಕ ಶುದ್ಧ ಗಾಳಿ ಹಾಯಿಸಲೇಬೇಕು. ಇದರ ಖರ್ಚು ಉಳಿಸಲು ಹೋದ ಘಟಕಗಳಲ್ಲಿ ಕೋಶಗಳ ಸಂಖ್ಯೆ ಸರಿಯಿದ್ದರೂ ಹುದುಗು ಅರ್ಧದಲ್ಲೇ ಮಂಕಾಗುತ್ತದೆ. ಕೊನೆಯಲ್ಲಿ ಒಂದು ಹನಿ ಯೀಸ್ಟಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿ, ಚೌಕಳಿ ಗೆರೆಗಳಿರುವ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತೇವೆ. ಬದುಕಿರುವ ಕೋಶ ಬಣ್ಣವನ್ನು ಕಳೆದುಕೊಂಡು ತಿಳಿಯಾಗಿ ಕಾಣುತ್ತದೆ, ಸತ್ತದ್ದು ನೀಲಿಯಾಗಿಯೇ ಉಳಿಯುತ್ತದೆ. ನೂರರಲ್ಲಿ ಹತ್ತಕ್ಕಿಂತ ಹೆಚ್ಚು ನೀಲಿ ಕಂಡರೆ ಆ ಯೀಸ್ಟನ್ನು ಚೆಲ್ಲುವುದೇ ಮೇಲು.

ಇಷ್ಟನ್ನು ಒಂದು ಆಟೋಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಪಾತ್ರೆ), ಒಂದು ಸೂಕ್ಷ್ಮದರ್ಶಕ, ಕೆಲವು ಫ್ಲಾಸ್ಕ್‌ಗಳು, ಒಂದು ಸಣ್ಣ ಸ್ಟೀಲ್ ಪಾತ್ರೆ ಮತ್ತು ಶಿಸ್ತಿನ ಕೈಯಿಂದ ಯಾವ ಘಟಕವಾದರೂ ಮಾಡಬಹುದು. ಆದರೆ ಎರಡು ವಿಷಯಗಳು ಸಣ್ಣ ಘಟಕದ ಕೈಗೆ ನಿಲುಕುವುದಿಲ್ಲ. ಮೊದಲನೆಯದು, ಮೂಲತಳಿಯನ್ನು ಮೈನಸ್ 80 ಡಿಗ್ರಿಯಲ್ಲಿ ಗ್ಲಿಸರಾಲ್ ಬೆರೆಸಿ ವರ್ಷಗಟ್ಟಲೆ ಬದಲಾಗದಂತೆ ಕಾಪಾಡುವುದು. ಎರಡನೆಯದು, ಶುದ್ಧತೆಯ ಪರೀಕ್ಷೆ. 10 ಮಿಲಿಲೀಟರಿನ ಹಂತದಲ್ಲಿ ನುಸುಳಿದ ಒಂದು ಲ್ಯಾಕ್ಟೋಬ್ಯಾಸಿಲಸ್ (ಹುಳಿ ಬರಿಸುವ ಬ್ಯಾಕ್ಟೀರಿಯಾ) ಮುಂದಿನ ಎಲ್ಲ ಹಂತಗಳಲ್ಲೂ ಯೀಸ್ಟಿನ ಜೊತೆಗೇ ಬೆಳೆಯುತ್ತದೆ. ಅದಕ್ಕಿಂತ ಕಷ್ಟದ್ದು ಡಯಾಸ್ಟ್ಯಾಟಿಕಸ್ ಎಂಬ ಯೀಸ್ಟ್ ಬಗೆ: ಅದು ನೋಡಲು ಏಲ್ ಯೀಸ್ಟಿನಂತೆಯೇ ಇದ್ದು, ಸಾಮಾನ್ಯ ಯೀಸ್ಟ್ ಬಿಟ್ಟುಹೋಗುವ ಡೆಕ್ಸ್‌ಟ್ರಿನ್ ಎಂಬ ದೊಡ್ಡ ಸಕ್ಕರೆ ಸರಪಳಿಗಳನ್ನೂ ಒಡೆದು ತಿಂದು, ಬಾಟಲಿಯೊಳಗೆ ಅನಿಲ ತುಂಬಿ ಅದನ್ನು ಸಿಡಿಸಬಲ್ಲದು. ಅದನ್ನು ಬೇಗ, ಖಚಿತವಾಗಿ ಪತ್ತೆ ಮಾಡಲು ಜೀವಿಯ ಡಿಎನ್‌ಎ ಗುರುತಿಸುವ ಪಿಸಿಆರ್ ಪರೀಕ್ಷೆ ಬೇಕು. ಒಂದೊಂದು ಘಟಕವೂ ಇದಕ್ಕೆ ಪ್ರತ್ಯೇಕ ಪ್ರಯೋಗಾಲಯ ಕಟ್ಟಬೇಕೆನ್ನುವುದು ನ್ಯಾಯವಲ್ಲ.

ಹಂಚಿಕೊಳ್ಳುವ ದಾರಿ ಹೊಸದೇನೂ ಅಲ್ಲ. ಕೋಪನ್‌ಹೇಗನ್ನಿನಲ್ಲಿ 1875ರಲ್ಲಿ ಸ್ಥಾಪನೆಯಾದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವ ವಿಧಾನವನ್ನು ರೂಪಿಸಿದರು. 1883ರಲ್ಲಿ ಅದು ಬಳಕೆಗೆ ಬಂತು. ಕಾರ್ಲ್ಸ್‌ಬರ್ಗ್ ಬ್ರೂವರಿಯ ಮಾಲೀಕ ಜೆ.ಸಿ. ಯಾಕೊಬ್ಸನ್ ಅದನ್ನು ಗುಟ್ಟಾಗಿಟ್ಟುಕೊಳ್ಳದೆ ಬೇರೆ ಬ್ರೂವರಿಗಳಿಗೂ ಕೊಟ್ಟರು. ಆ ಔದಾರ್ಯವನ್ನು ನಾನು ತುಂಬ ಗೌರವಿಸುತ್ತೇನೆ.

ನಮ್ಮಲ್ಲಿ ಚಂಡೀಗಢ ಮತ್ತು ಪುಣೆಯ ರಾಷ್ಟ್ರೀಯ ಸಂಗ್ರಹಗಳು ಸೂಕ್ಷ್ಮಜೀವಿಗಳ ತಳಿಗಳನ್ನು ಕಾಪಾಡುತ್ತಿವೆ. ಕರ್ನಾಟಕದಲ್ಲಿ ಪರಿಣತಿಗೆ ಕೊರತೆಯಿಲ್ಲ: ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಸೂಕ್ಷ್ಮಜೀವಿಶಾಸ್ತ್ರ ಮತ್ತು ಹುದುಗುವಿಕೆ ತಂತ್ರಜ್ಞಾನದ ವಿಭಾಗವಿದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಸೂಕ್ಷ್ಮಜೀವಿಶಾಸ್ತ್ರ ವಿಭಾಗವಿದೆ. 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಕೂಡ ಮೊದಲು ತಯಾರಿಸಿದ್ದು ಪರಂಗಿಯ ಪಪೇನ್ ಮತ್ತು ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್ ಎಂಬುದನ್ನು ಇಲ್ಲಿ ನೆನೆಯಬಹುದು. ಸಿಎಫ್‌ಟಿಆರ್‌ಐ ಅಥವಾ ಜಿಕೆವಿಕೆಯಂಥ ಸಂಸ್ಥೆಯೊಂದರಲ್ಲಿ ಬ್ರೂವರಿ ಯೀಸ್ಟಿನ ಮೂಲತಳಿಗಳನ್ನು ಕಾಪಾಡಿ, ನಿಗದಿತ ಶುಲ್ಕಕ್ಕೆ ಸ್ಲ್ಯಾಂಟ್‌ಗಳನ್ನು ಒದಗಿಸಿ, ಘಟಕಗಳು ಕಳಿಸುವ ಮಾದರಿಗಳನ್ನು ಪರೀಕ್ಷಿಸಿಕೊಡುವ ವ್ಯವಸ್ಥೆ ಮಾಡಬೇಕು. ಟ್ಯಾಂಕಿನ ಬಳಿ ನಿಂತು ದುಡಿಯುವ ಹುಡುಗರು ಮತ್ತು ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಇಂಗ್ಲಿಷ್ ಕೈಪಿಡಿಗಳು ಅರ್ಥವಾಗದ ಕಾರಣ ತರಬೇತಿಯನ್ನು ಕನ್ನಡದಲ್ಲೇ ಕೊಡಬೇಕು.

ಇದಕ್ಕೆ ಬೇಕಾದ ಹಣದಲ್ಲಿ ಒಂದು ಪಾಲನ್ನು ಘಟಕಗಳಿಂದ ಬರುವ ಪರವಾನಗಿ ಶುಲ್ಕದಿಂದಲೇ ಕೊಡುವುದು ಸರಿಯಾದೀತು. ಅಬಕಾರಿ ಇಲಾಖೆಯು ಸಿಎಫ್‌ಟಿಆರ್‌ಐ ಮತ್ತು ಜಿಕೆವಿಕೆ ಎರಡನ್ನೂ ಘಟಕಗಳ ಪ್ರತಿನಿಧಿಗಳನ್ನೂ ಒಂದು ಸಭೆಗೆ ಕರೆಯಲಿ. ಯಾವ ತಳಿಗಳು ಮೊದಲು ಬೇಕು, ಯಾವ ಪರೀಕ್ಷೆಗಳು ತುರ್ತಾಗಿ ಬೇಕು ಎಂಬ ಪಟ್ಟಿಯನ್ನು ನಾವು ಅಂದೇ ಒಪ್ಪಿಸುತ್ತೇವೆ.

ಇಂತಿ,
ಓದುಗರೊಬ್ಬರು, ಬೆಂಗಳೂರು